ಕಾಲೇಜಿಗೆ ರಜವಿದ್ದ ದಿನಗಳು

ನನ್ನ ಗಂಡ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅಂಥವರ ಜೊತೆ ಸಂಸಾರ ಮಾಡಿದವರಿಗೆ ಮಾತ್ರ ಗೊತ್ತು ಅದರ ಪಾಡು. ನಾನು ನಂಜನಗೂಡಿನ ಕಡೆಯವಳು. ಮದುವೆಯಾಗಿ ಮದರಾಸಿನ ಪೆರಂಬೂರಿನ ಈ ಮನೆಗೆ ಬಂದ ಹೊಸದರಲ್ಲಿ, ಹಬ್ಬಕ್ಕೆ ಬಂದ ನೆಂಟರಿಗೆ ಮುತುವರ್ಜಿಯಿಂದ ಹುಳಿ ಮಾಡಿ ಬಡಿಸಿದೆ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಎಂದು ಉಣ್ಣುತ್ತಿದ್ದರೆ ಇವರು ತಲೆ ಎತ್ತಿ, ಬೇಳೆ ಬೆಂದಿಲ್ಲ, ಉಪ್ಪು ಮುಂದಾಗಿದೆ ಎಂದರು. ಎಲೆಯಲ್ಲಿ ಬಿಟ್ಟರೇ ಎಂದರೆ ಅದೂ ಇಲ್ಲ, ಅಷ್ಟೂ ಉಂಡು ಎದ್ದರು. ನಾನು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹಾಳಾದ್ದು, ಮುಂದಿನ ಹಬ್ಬಕ್ಕೆ ಬೇಳೆ ಚೆನ್ನಾಗಿ ಬೆಂದಿತ್ತು.

ಮನೆಯಲ್ಲಿ ಒಬ್ಬರು ಸತ್ಯವಂತರಾದರೆ ಇನ್ನೊಬ್ಬರು ಸುಳ್ಳಿನ ಗುತ್ತಿಗೆ ಹಿಡಿಯಲೇಬೇಕು. ಅದು ನನ್ನ ಪಾಲಿಗೆ ಬಂತು. ಚಂದಾ ಕೇಳಲು ಬಂದವರಿಗೆ ಯಜಮಾನರು ಮನೆಯಲ್ಲಿಲ್ಲ ಎನ್ನುವುದು, ಹೋಗಲು ಮನಸ್ಸಿಲ್ಲದ ಮದುವೆಯ ದಿನ ಮಗಳಿಗೆ ಜ್ವರ ಬರಿಸುವುದು, ಅತ್ತೆಯ ಸಕ್ಕರೆ ಎಷ್ಟಿದೆ ಎಂದು ಅತ್ತೆಗೇ ಸ್ವಲ್ಪ ಇಳಿಸಿ ಹೇಳುವುದು, ಎಲ್ಲ ನಾನೇ. ಇವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ಅವರಿಗೂ ಗೊತ್ತಿತ್ತು.

ಅತ್ತೆಯ ಮನೆತನ ಮೂರು ತಲೆಮಾರಿನಿಂದ ಮದರಾಸಿನದು. ಮಾವನವರು ರೈಲು ಬೋಗಿಯ ಕಾರ್ಖಾನೆಯಲ್ಲಿದ್ದು ನಿವೃತ್ತರಾಗಿ, ನನ್ನ ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಆಡುತ್ತಿದ್ದದ್ದು ಕನ್ನಡವೇ ಎಂದು ಒಪ್ಪಿಕೊಳ್ಳಲು ನನಗೆ ಸಾಕಷ್ಟು ಕಾಲ ಹಿಡಿಯಿತು. ಅರ್ಧ ವಾಕ್ಯ ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಮನೆ ಸೇರುತ್ತಿತ್ತು. ಮಡಿ ಮಾಡುವವರು, ಏಕಾದಶಿ ಬಿಡದವರು. ಆದರೆ ನಾನು ಶೋಳಿಂಗನಲ್ಲೂರಿನ ಆಫೀಸಿನಿಂದ ಕ್ಯಾಬಿನಲ್ಲಿ ಇಡೀ ಊರು ದಾಟಿ ಹೆಣದ ಹಾಗೆ ಬಂದು ಬಿದ್ದಾಗ, ಮಡಿಯನ್ನು ಪಕ್ಕಕ್ಕಿಟ್ಟು ನನ್ನ ಕಾಲು ಒತ್ತಿದವರೂ ಅವರೇ. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ನನಗೂ ಅವರಿಗೂ ಜಗಳವಾಗುತ್ತಿತ್ತು, ಜೋರಾಗಿಯೇ ಆಗುತ್ತಿತ್ತು. ಅಮ್ಮ ಎನ್ನುವುದನ್ನು ಮಾತ್ರ ಜಗಳದಲ್ಲೂ ಬಿಡಲಿಲ್ಲ.

ಇವರು ಎಣ್ಣೂರಿನ ಥರ್ಮಲ್ ಸ್ಟೇಷನ್ನಿನಲ್ಲಿ ಇಂಜಿನಿಯರ್. ದೇವರ ವಿಷಯದಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ ಊಟ ಮಾಡುತ್ತಾ, ಸತ್ತ ಮೇಲೆ ತಮ್ಮ ದೇಹವನ್ನು ಸುಡಬಾರದು, ವೈದ್ಯಕೀಯ ಕಾಲೇಜಿಗೆ ಕೊಡಬೇಕು ಎಂದರು. ಆಫೀಸಿನ ಗೆಳೆಯರೊಬ್ಬರ ಮಗಳು ಡಾಕ್ಟರಿಕೆ ಓದುತ್ತಿದ್ದಳಂತೆ, ಕಲಿಯಲು ದೇಹಗಳೇ ಸಿಗುವುದಿಲ್ಲವೆಂದು ಆ ಹುಡುಗಿ ಹೇಳಿದ್ದು ಇವರ ತಲೆಯಲ್ಲಿ ಕೂತುಬಿಟ್ಟಿತ್ತು. ನಾನು ಅನ್ನ ಕಲಸುವುದನ್ನು ನಿಲ್ಲಿಸಿ, ಊಟದ ಹೊತ್ತಲ್ಲಿ ಇದೇನು ಅಪಶಕುನ ಎಂದು ಬೈದೆ.

"ನಾಳೆ ಯಾರೋ ಬದುಕಿರೋರ ಮೈಯಲ್ಲಿ ತಪ್ಪು ನರ ಕುಯ್ಯೋ ಬದಲು, ಅವರು ನನ್ನದರಲ್ಲಿ ತಪ್ಪು ಮಾಡ್ಲಿ" ಎಂದರು. "ನಂಗೇನು ನೋವಾಗುತ್ತಾ?"

ಅವರ ವಾದಕ್ಕೆ ಉತ್ತರ ಇರುತ್ತಿರಲಿಲ್ಲ, ಅದೇ ನನಗೆ ಸಿಟ್ಟು ಬರಿಸುತ್ತಿದ್ದದ್ದು. ಮನೆಯವರ ಒಪ್ಪಿಗೆ ಬೇಕೆಂದಾಗ ಸಹಿ ಹಾಕಿದೆ. ಆಗ ಅವರಿಗೆ ನಲವತ್ತೈದೂ ಆಗಿರಲಿಲ್ಲ, ಸಾವು ಬೇರೆಯವರ ಮನೆಯ ಸಂಗತಿಯಾಗಿತ್ತು. ಅಮ್ಮನಿಗೆ ಹೇಳುತ್ತೀರಾ ಎಂದು ಕೇಳಿದ್ದಕ್ಕೆ, ಕೇಳಿದರೆ ಹೇಳುತ್ತೇನೆ ಎಂದರು. ಸುಳ್ಳು ಹೇಳದವರೂ ಎಲ್ಲ ನಿಜವನ್ನೂ ಹೇಳಿಬಿಡುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು. ಮಗನೇ, ನಿನ್ನ ಹೆಣವನ್ನು ಏನು ಮಾಡಲಿ ಎಂದು ಯಾವ ತಾಯಿ ಕೇಳುತ್ತಾಳೆ?

ಅವರು ಹೋದದ್ದು ಐವತ್ತು ತುಂಬುವ ಮೊದಲು. ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತಾ ಎದೆ ಹಿಡಿದುಕೊಂಡರು, ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಅಷ್ಟೇ. ಆ ಎರಡು ದಿನದ ಬಗ್ಗೆ ಬರೆಯುವ ಶಕ್ತಿ ನನಗಿನ್ನೂ ಬಂದಿಲ್ಲ, ಬರುತ್ತದೆ ಎಂದೂ ಅನ್ನಿಸುವುದಿಲ್ಲ. ತಾಂಬರಂ ಕಡೆ ಇದ್ದ ಮೈದುನ ಓಡಿ ಬಂದಿದ್ದರು. ಆಸ್ಪತ್ರೆಯ ವರಾಂಡದಲ್ಲಿ ನಾನು ಅವರಿಗೆ ಕಾಲೇಜಿನ ವಿಷಯ ಹೇಳಿದೆ. ಮೈದುನ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದರು, ಕೊನೆಗೆ ಗೋಡೆಗೆ ಒರಗಿ ಅತ್ತುಬಿಟ್ಟರು. ಅಣ್ಣ ಹೇಳಿದ್ದರೆ ಹಾಗೇ ಆಗಲಿ ಎಂದರು. ಆದರೆ ಅಮ್ಮನಿಗೆ ಮಾತ್ರ ಗೊತ್ತಾಗಬಾರದು, ಗೊತ್ತಾದರೆ ಅವಳೂ ಉಳಿಯುವುದಿಲ್ಲ ಎಂದು ನನ್ನ ಕೈ ಹಿಡಿದುಕೊಂಡರು. ನಾನು ತಲೆಯಾಡಿಸಿದೆ. ಗುತ್ತಿಗೆ ಹಿಡಿದವಳು ನಾನೇ ತಾನೇ.

ಮುಚ್ಚಿಡುವುದು ಕಷ್ಟವೇ ಆಗಲಿಲ್ಲ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ದೇಹವನ್ನು ಮನೆಗೆ ತಂದರು, ಸ್ನಾನ ಮಾಡಿಸಿದರು, ಮಂತ್ರ ಆಯಿತು. ಅಮ್ಮ ಮಗನ ಬಾಯಿಗೆ ಅಕ್ಕಿಕಾಳು ಹಾಕಿದರು. ಗಂಡಸರು ಎತ್ತಿಕೊಂಡು ವ್ಯಾನಿಗೆ ಇಟ್ಟರು. ಅಮ್ಮ ಹೊಸಿಲ ತನಕ ಬಂದು ನಿಂತರು, ನಾನು ಅವರ ಪಕ್ಕದಲ್ಲಿ ನಿಂತೆ. ವ್ಯಾನು ಬೀದಿಯ ಬಾಗಿನಲ್ಲಿ ಮರೆಯಾಯಿತು. ಅಲ್ಲಿಂದ ಅದು ಯಾವ ಕಡೆ ಹೋಯಿತು ಎಂದು ಹೊಸಿಲಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಗಂಡಸರು ಸಂಜೆಗೆ ತಲೆ ಒದ್ದೆ ಮಾಡಿಕೊಂಡು ಬಂದರು, ದೀಪ ನೋಡಿದರು, ಕೂತರು. ಎಷ್ಟೋ ವರ್ಷದಿಂದ ಈ ಮನೆಯಿಂದ ಹೋದವರೆಲ್ಲ ಹೀಗೇ ಹೋಗಿದ್ದರು, ಅಮ್ಮನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಆಚಾರ್ರು, ಅಂದರೆ ನಮ್ಮ ಮನೆಯ ಪುರೋಹಿತರು, ಮೊದಲು ಕೈ ಚೆಲ್ಲಿದ್ದರು. ಸುಡದೆ ಕರ್ಮ ಹೇಗೆ ಮಾಡಿಸುವುದು? ಆಮೇಲೆ ಅವರೇ ದಾರಿ ಹುಡುಕಿದರು. ಸಮುದ್ರದಲ್ಲೋ ಯುದ್ಧದಲ್ಲೋ ಸತ್ತು ದೇಹ ಸಿಗದೆ ಹೋದವರಿಗೆ ದರ್ಭೆಯಲ್ಲಿ ಆಳಿನ ಆಕಾರ ಮಾಡಿ ಸುಡುವ ಪದ್ಧತಿ ಉಂಟು. ಅದನ್ನೇ ಮಾಡಿಸಿದರು. ಮೈದುನ ಸ್ಮಶಾನದ ಮೂಲೆಯಲ್ಲಿ ಕೂತು ಹುಲ್ಲಿನ ಅಣ್ಣನಿಗೆ ಬೆಂಕಿ ಇಟ್ಟರು. ಆ ಬೂದಿಯನ್ನು ಒಂದು ಮಣ್ಣಿನ ಕುಡಿಕೆಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರು. ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲವಲ್ಲ, ಹಾಗಾಗಿ ಕುಡಿಕೆ ಅಲ್ಲೇ ಉಳಿಯಿತು. ಶಾಸ್ತ್ರದ ಪ್ರಕಾರ ಇದೇ ಅಣ್ಣ, ಇದರಲ್ಲಿ ಸುಳ್ಳೇನಿಲ್ಲ ಅತ್ತಿಗೆ ಎಂದು ಮೈದುನ ನನಗೆ ಹೇಳಿದರು. ನನಗೆ ಹೇಳುವ ನೆಪದಲ್ಲಿ ತಮಗೇ ಹೇಳಿಕೊಂಡರು.

ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಅಮ್ಮ ತಾವೂ ಅಸ್ಥಿ ಬಿಡಲು ಬರುತ್ತೇನೆ ಎಂದರು.

ಮೈದುನ ಎಷ್ಟು ಹೇಳಿದರೂ ಕೇಳಲಿಲ್ಲ. ಸ್ಮಶಾನಕ್ಕೆ ಬರಬಾರದು ಎಂದಿರಿ, ಬರಲಿಲ್ಲ, ನೀರಿನ ಹತ್ತಿರ ಹೋಗಬಾರದು ಎಂದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದರು. ಆಚಾರ್ರೂ ಆಗಲಿ ಎಂದರು. ಎಣ್ಣೂರಿನಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಜಾಗದಲ್ಲಿ ಬಿಡಬೇಕು ಎಂದು ನಿಶ್ಚಯವಾಗಿತ್ತು. ಅದು ಇವರು ಕೆಲಸ ಮಾಡುತ್ತಿದ್ದ ಜಾಗದಿಂದ ಕೂಗಳತೆಯ ದೂರ, ಅಲ್ಲಿಂದ ಚಿಮಣಿಗಳು ಕಾಣುತ್ತವೆ. ಕಾರಿನಲ್ಲಿ ಮುಂದೆ ಮೈದುನ, ಹಿಂದೆ ಅಮ್ಮ, ನಾನು, ನಮ್ಮಿಬ್ಬರ ನಡುವೆ ಮಗಳು. ಅವಳಿಗೆ ಆಗ ಹದಿನಾಲ್ಕು. ಅವಳಿಗೆ ನಾನು ನಿಜ ಹೇಳಿದ್ದೆ. ಅಪ್ಪನ ಮಗಳು, ಅವಳಿಗೆ ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಕುಡಿಕೆಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು. ಅಮ್ಮ ಅದನ್ನು ಕೊಡು, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದರು. ಕೂಡದು ಎಂದರೆ, ಹೆತ್ತಾಗ ಇಟ್ಟುಕೊಂಡದ್ದು ಇದೇ ತೊಡೆಯ ಮೇಲೆ ಎಂದರು. ಆ ಮಾತಿಗೆ ಎದುರಾಡುವ ಗಂಡಸು ಯಾರಿದ್ದಾನೆ? ಕೊಟ್ಟರು. ದಾರಿಯುದ್ದಕ್ಕೂ ಅಮ್ಮ ಅದರ ಮೇಲೆ ಅಂಗೈ ಆಡಿಸುತ್ತಾ ಬಂದರು. ಕಂಟೇನರ್ ಲಾರಿಗಳು ಸಾಲಾಗಿ ನಿಂತಿದ್ದ ಕಡೆ ಕಾರು ಕುಲುಕಾಡಿದಾಗೆಲ್ಲ ಎರಡು ಕೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಒಂದು ಸಲ ಬಗ್ಗಿ ಅದಕ್ಕೆ ಏನೋ ಹೇಳಿದರು, ತಮಿಳೋ ಕನ್ನಡವೋ ನನಗೆ ಕೇಳಿಸಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹುಲ್ಲಿನ ಬೂದಿಯನ್ನು ಒಬ್ಬ ತಾಯಿ ಸಮಾಧಾನ ಮಾಡುತ್ತಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ನೀರಿನ ಹತ್ತಿರ ಇಳಿದೆವು. ಮೀನಿನ ದೋಣಿಗಳನ್ನು ಮರಳಿಗೆ ಎಳೆದು ಹಾಕಿದ್ದರು, ಗಾಳಿಯಲ್ಲಿ ಮೀನಿನ ವಾಸನೆಯ ಜೊತೆ ಕಲ್ಲಿದ್ದಲ ಬೂದಿಯ ವಾಸನೆ ಇತ್ತು, ಇವರ ಅಂಗಿಯಲ್ಲಿ ದಿನಾ ಬರುತ್ತಿದ್ದ ವಾಸನೆ. ಮೈದುನ ಕೈ ಚಾಚಿದರು. ಅಮ್ಮ ಕುಡಿಕೆಯನ್ನು ಕೊಡಲಿಲ್ಲ. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಇನ್ನೊಂದು ಸಲ ಅಲ್ಲಾಡಿಸಿದರು.

ಹಿಂದೆ ಯಾವಾಗಲೋ ಅಮ್ಮನ ತಮ್ಮ ದಿಲ್ಲಿಯಲ್ಲಿ ತೀರಿಕೊಂಡಾಗ ಅಸ್ಥಿ ರೈಲಿನಲ್ಲಿ ಬಂದಿತ್ತಂತೆ. ಮಾವನವರು ಊರಲ್ಲಿಲ್ಲದೆ, ಅಮ್ಮನೇ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ. ಈ ಸಂಗತಿ ನಮಗಾರಿಗೂ ನೆನಪಿರಲಿಲ್ಲ, ಮೈದುನನಿಗೂ. ಅಂದು ದಾರಿಯುದ್ದಕ್ಕೂ ಎಲುಬಿನ ಚೂರುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದ್ದವು ಎಂದು ಅಮ್ಮ ಹೇಳಿದರು. ಇದರಲ್ಲಿ ಸದ್ದೇ ಇಲ್ಲವಲ್ಲ ಎಂದರು. ಇಷ್ಟು ಹಗುರವಾಗಿದೆಯಲ್ಲ, ಅವನು ಸಣ್ಣ ಆಳೇನಲ್ಲ ಎಂದರು. ಮೈದುನ ಗಡಿಬಿಡಿಯಲ್ಲಿ, ಈಗೆಲ್ಲ ಗ್ಯಾಸಿನಲ್ಲಿ ಸುಡುತ್ತಾರಮ್ಮ, ಎಲ್ಲ ಪುಡಿಯಾಗುತ್ತದೆ ಎಂದು ಏನೇನೋ ಹೇಳತೊಡಗಿದರು.

"ಪೋದುಂಪ್ಪಾ, ನೀನು ಸುಮ್ನಿರು" ಎಂದರು ಅಮ್ಮ. ನನ್ನ ಕಡೆ ತಿರುಗಿದರು. "ನೀ ಸೊಲ್ಲು. ಇದ್ರಲ್ಲಿ ಅವನಿದಾನಾ?"

ನಾನು ಸುಳ್ಳಿಗೆ ಹೆದರುವವಳಲ್ಲ. ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು. ಇದ್ದಾರಮ್ಮ ಎಂದರೆ ಮುಗಿಯುತ್ತಿತ್ತು, ಅಮ್ಮ ನಂಬುತ್ತಿದ್ದರು, ನಂಬಲು ಆಸೆಯೇ ಇತ್ತು ಅವರಿಗೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೆ ಹೆದರಿ ಹೇಳಿದೆ ಎಂದು ಮೈದುನ ಆಮೇಲೆ ಅಂದರು. ಅದಲ್ಲ. ಈ ಪ್ರಶ್ನೆಯನ್ನು ಅಮ್ಮ ಇವರನ್ನು ಕೇಳಿದ್ದರೆ ಇವರು ಹೇಳುತ್ತಿದ್ದರು. ಕೇಳಿದರೆ ಹೇಳುತ್ತೇನೆ ಎಂದಿದ್ದರಲ್ಲ. ಅಮ್ಮ ಈಗ ಕೇಳಿದ್ದರು, ಹೇಳುವವರು ಇರಲಿಲ್ಲ. ಅವರ ಹೆಸರಿನಲ್ಲಿ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲಮ್ಮ" ಎಂದೆ.

ಆಮೇಲೆ ಎಲ್ಲ ಹೇಳಿದೆ. ಅಲ್ಲೇ, ಮರಳಿನ ಮೇಲೆ ನಿಂತು. ಅವರೇ ಆಸೆಪಟ್ಟದ್ದು, ಕಾಲೇಜಿಗೆ ಕೊಟ್ಟದ್ದು, ದರ್ಭೆ ಸುಟ್ಟದ್ದು. ಅಮ್ಮ ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕುಡಿಕೆಯ ಬಟ್ಟೆ ಬಿಚ್ಚಿ ಒಳಗೆ ನೋಡಿದರು. ಬೂದಿಯನ್ನು ಬೆರಳಿನಲ್ಲಿ ಮುಟ್ಟಿದರು. ಅಲ್ಲಿ ಅವನನ್ನು ಹೇಗೆ ಇಟ್ಟಿರುತ್ತಾರೆ ಎಂದು ಕೇಳಿದರು. ತಣ್ಣಗಿರುವ ಕಡೆ ಎಂದೆ. ಬಟ್ಟೆ ಹಾಕಿರುತ್ತಾರಾ ಎಂದು ಕೇಳಿದರು. ಗೊತ್ತಿಲ್ಲ ಎಂದೇ ಹೇಳಿದೆ. ಅಮ್ಮ ಕುಡಿಕೆಯನ್ನು ಮೈದುನನ ಕೈಗೆ ಕೊಟ್ಟು, ಬಿಡು, ಹುಲ್ಲಾದರೂ ಅವನ ಹೆಸರಿನಲ್ಲಿ ಬೆಂದಿದೆ ಎಂದರು.

ಸತ್ಯ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಗುರವಾಗುವುದು ಹೇಳಿದವರ ಮನಸ್ಸು, ಅದೂ ಒಂದು ಗಳಿಗೆ. ಕೇಳಿಸಿಕೊಂಡವರು ಅದನ್ನು ಹೊತ್ತು ತಿರುಗಬೇಕು. ಸುಟ್ಟು ಹೋದ ಮಗನಾಗಿದ್ದರೆ ಅಮ್ಮ ಅತ್ತು, ಮಾಸಿಕ ಮಾಡಿಸಿ, ವರ್ಷಾಂತಿಕ ಮಾಡಿಸಿ, ನಿಧಾನವಾಗಿ ಅವನನ್ನು ದೇವರ ಪಟದ ಪಕ್ಕಕ್ಕೆ ಕಳಿಸಿಕೊಡುತ್ತಿದ್ದರು. ಈಗ ಅವನು ಎಲ್ಲಿಗೂ ಹೋಗಿರಲಿಲ್ಲ. ಇದೇ ಊರಿನಲ್ಲಿ, ಬಸ್ಸು ಹತ್ತಿದರೆ ಸಿಗುವ ದೂರದಲ್ಲಿ, ಒಂದು ಮೇಜಿನ ಮೇಲೆ ಇದ್ದ.

ಮೊದಮೊದಲು ಅಮ್ಮ ಏನೂ ಕೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, ಇವತ್ತು ಆ ಕಾಲೇಜು ಇದೆಯಾ ಎಂದು ಕೇಳಿದರು. ಇದೆ ಎಂದೆ. ಲೋಟವನ್ನು ಕೆಳಗಿಟ್ಟು ದೇವರ ಮನೆಗೆ ಹೋದರು. ಅವತ್ತಿನಿಂದ ಅದು ದಿನಚರಿಯಾಯಿತು. ಕಾಲೇಜು ಇದ್ದ ದಿನ ಬೆಳಗಿನಿಂದ ಸಂಜೆಯ ತನಕ ಅವರ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ತರಕಾರಿ ಹೆಚ್ಚುವುದನ್ನು ಪೂರ್ತಿ ಬಿಟ್ಟುಬಿಟ್ಟರು. ಈಳಿಗೆಮಣೆ ಕಂಡರೆ ಆಚೆ ಹೋಗುತ್ತಿದ್ದರು. ಒಂದು ದಿನ ನಾನು ಆಫೀಸಿಗೆ ಹೊರಡುತ್ತಿದ್ದಾಗ ಬಾಗಿಲಲ್ಲಿ ನಿಲ್ಲಿಸಿ, ಮೊದಲು ಕೈ ಕುಯ್ಯುತ್ತಾರೋ ಕಾಲು ಕುಯ್ಯುತ್ತಾರೋ ಎಂದು ಕೇಳಿದರು. ಕೆಳಗೆ ಕ್ಯಾಬಿನವನು ಹಾರನ್ ಹೊಡೆಯುತ್ತಿದ್ದ. ನಾನು ಏನು ಹೇಳಿ ಮೆಟ್ಟಿಲಿಳಿದೆನೋ ನೆನಪಿಲ್ಲ, ಕ್ಯಾಬಿನಲ್ಲಿ ಪಕ್ಕದವಳು ನೀರಿನ ಬಾಟಲಿ ಕೊಟ್ಟದ್ದು ಮಾತ್ರ ನೆನಪಿದೆ.

ಭಾನುವಾರ ಅವರಿಗೆ ನೆಮ್ಮದಿ. ಭಾನುವಾರ ಅಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು, ಟಿವಿ ಹಾಕು ಎನ್ನುತ್ತಿದ್ದರು. ಕ್ಯಾಲೆಂಡರಿನಲ್ಲಿ ಸರ್ಕಾರಿ ರಜಗಳನ್ನು ಹುಡುಕುತ್ತಿದ್ದರು. ಪೊಂಗಲ್ ರಜ ಬಂದಾಗ ಪಾಯಸ ಮಾಡಲು ಹೇಳಿದರು, ನಮಗೆ ಹಬ್ಬವಿಲ್ಲದ ವರ್ಷ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ನಾನು ಮಾಡಲಿಲ್ಲ. ಮಳೆ ಜೋರಾಗಿ ಶಾಲೆ ಕಾಲೇಜುಗಳಿಗೆ ರಜ ಎಂದು ಸುದ್ದಿಯಲ್ಲಿ ಬಂದರೆ, ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ಅಮ್ಮನ ಮುಖ ಅರಳುತ್ತಿತ್ತು. ಇದನ್ನೆಲ್ಲ ನೋಡುತ್ತಾ ಮೈದುನ ಒಮ್ಮೆ, ಕಂಡಿರಾ ಅತ್ತಿಗೆ, ನಿಮ್ಮ ಸತ್ಯ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದಿದ್ದರೆ, ಸತ್ಯಕ್ಕೆ ಯಾವ ಸುಖ ಉಂಟು ತೋರಿಸಿ ಎಂದು ಕೇಳುತ್ತಿದ್ದೆ.

ಇವರ ಮೇಲೂ ನನಗೆ ಸಿಟ್ಟಿತ್ತು. ಬದುಕಿದ್ದಾಗ ಜಗಳವಾಡಿದ್ದಕ್ಕಿಂತ ಹೆಚ್ಚಾಗಿ ಸತ್ತ ಮೇಲೆ ಜಗಳವಾಡಿದೆ. ನಿಮ್ಮ ಧ್ಯೇಯ ನಿಮ್ಮದು, ಅದರ ಭಾರವನ್ನು ನಿಮ್ಮ ತಾಯಿಯ ತಲೆಗೆ ಯಾಕೆ ಕಟ್ಟಿದಿರಿ ಎಂದು ಸಿಂಕಿನ ಮುಂದೆ ನಿಂತು ಪಾತ್ರೆ ಉಜ್ಜುತ್ತಾ ಕೇಳಿದ್ದೇನೆ. ಒಬ್ಬರು ತಮ್ಮ ನಂಬಿಕೆಯಂತೆ ಬಾಳಿದರೆ ಅದರ ಬೆಲೆಯನ್ನು ಅವರೊಬ್ಬರೇ ತೆರುವುದಿಲ್ಲ, ಮನೆಯವರೆಲ್ಲ ತೆರುತ್ತಾರೆ. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಹಾಗಂತ ಇವರು ಮಾಡಿದ್ದು ತಪ್ಪು ಎನ್ನಲು ಇಂದಿಗೂ ನನಗೆ ಮನಸ್ಸು ಬರುವುದಿಲ್ಲ. ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ದಾರಿ ಹುಡುಕಿದವಳು ಮಗಳು. ಒಂದು ಬುಧವಾರ ಬೆಳಿಗ್ಗೆ ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಾ ಅಜ್ಜಿಗೆ, "ಪಾಟಿ, ಇನ್ನಿಕ್ಕಿ ಅಂದ ಕಾಲೇಜ್ ಲೀವ್" ಎಂದಳು. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲಿ. ಇವತ್ತು ಆ ಕಾಲೇಜಿಗೆ ರಜ ಎಂದು ಅವಳು ಹೇಳಿದ ಕೂಡಲೆ ಅಮ್ಮನ ಭುಜ ಇಳಿಯಿತು. ನನಗೆ ಗೊತ್ತು, ಅವತ್ತು ಯಾವ ರಜವೂ ಇರಲಿಲ್ಲ. ಮಗಳು ನನ್ನನ್ನು ನೋಡಿದಳು, ನಾನು ಅವಳ ಜಡೆಯನ್ನು ಬಿಗಿಯಾಗಿ ಹೆಣೆದೆ. ಅಪ್ಪನ ಮಗಳು ಎಂದುಕೊಂಡಿದ್ದೆ, ನನ್ನ ಮಗಳೂ ಆಗಿದ್ದಳು. ಆಮೇಲೆ ಅವಳು ವಾರಕ್ಕೊಂದು ಎರಡು ರಜ ಕೊಡತೊಡಗಿದಳು. ಸ್ಟ್ರೈಕು, ಯಾರೋ ದೊಡ್ಡವರು ತೀರಿಕೊಂಡರು, ಕರೆಂಟಿಲ್ಲ, ಹೀಗೆ. ಅಮ್ಮ ಒಂದಕ್ಕೂ ಎದುರು ಪ್ರಶ್ನೆ ಹಾಕಲಿಲ್ಲ. ಆ ದಿನಗಳಲ್ಲಿ ಮನೆ ಸ್ವಲ್ಪ ಮನೆಯ ಹಾಗಿರುತ್ತಿತ್ತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಅಮ್ಮನ ಮೂತ್ರಪಿಂಡ ಕೈಕೊಟ್ಟಿತು. ಆಸ್ಪತ್ರೆ ಬೇಡ ಎಂದು ಹಟ ಹಿಡಿದರು, ಡಾಕ್ಟರೂ ಹೆಚ್ಚು ಒತ್ತಾಯ ಮಾಡಲಿಲ್ಲ. ನಾನು ಆಫೀಸಿಗೆ ಹೇಳಿ ಮನೆಯಿಂದಲೇ ಕೆಲಸ ಮಾಡತೊಡಗಿದೆ. ಒಂದು ಮಧ್ಯಾಹ್ನ ಅವರ ಕಾಲಿನ ಊತಕ್ಕೆ ದಿಂಬು ಕೊಡುತ್ತಿದ್ದಾಗ, ಮಂಚದ ಮೇಲೆ ಕೂತುಕೋ ಎಂದರು. ಮಡಿ ಮೈಲಿಗೆಯೆಲ್ಲ ಅಷ್ಟು ಹೊತ್ತಿಗೆ ದೂರ ಹೋಗಿತ್ತು. ಕೂತೆ. ಆ ಕೊಳಂದೆ ಸುಳ್ಳು ಹೇಳುತ್ತಿದ್ದದ್ದು ನನಗೆ ಗೊತ್ತು ಎಂದರು, ಮಗಳ ವಿಷಯ. ಅಷ್ಟೊಂದು ರಜ ಯಾವ ಕಾಲೇಜಿಗೆ ಕೊಡುತ್ತಾರೆ ಎಂದು ಸಣ್ಣಗೆ ನಕ್ಕರು. ಆದರೂ ಆ ಸುಳ್ಳು ತಮಗೆ ಬೇಕಾಗಿತ್ತು ಎಂದರು.

ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಂಗೆ ಒಂದು ಪ್ರಾಮಿಸ್ ಮಾಡು. ನನ್ನನ್ನ ಸುಡಬೇಕು. ನೀನೇ ಬರಬೇಕು, ಕಣ್ಣಾರೆ ನೋಡಬೇಕು."

ಹೆಂಗಸರು ಅಲ್ಲಿಗೆ ಹೋಗುವುದಿಲ್ಲವಲ್ಲಮ್ಮ ಎಂದೆ. ನಿಮ್ಮ ಮಗ ಇದ್ದಾರೆ, ಎಲ್ಲ ಸರಿಯಾಗಿ ಮಾಡುತ್ತಾರೆ ಎಂದೆ.

"ಅವನು ಎಲ್ಲದಕ್ಕೂ ಹ್ಞೂಂ ಅಂತಾನೆ" ಎಂದರು. "ಹೆಂಗಸರು ಹೋಗದೆ ಇದ್ದಿದ್ದಕ್ಕೇ ಅಲ್ವಾ ನಂಗೆ ಹಂಗಾಗಿದ್ದು? ಅವತ್ತು ನಾನು ಹೊಸಲು ದಾಟಿದ್ರೆ ತಿಳಿದಿರೋದು. ನೀ ಒಬ್ಬಳೇ ನಂಗೆ ಇಲ್ಲ ಅಂದೋಳು. ಅದು ನಂಗೆ ಎಷ್ಟು ಕಷ್ಟ ಆಯ್ತು ಅಂತ ನಿಂಗೆ ಗೊತ್ತು. ಆದ್ರೂ ನಿನ್ನನ್ನೇ ಕೇಳ್ತೀನಿ."

ಆ ಗಳಿಗೆಯಲ್ಲಿ ನನಗೆ ಕ್ಷಮೆ ಸಿಕ್ಕಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅವತ್ತು ಎಣ್ಣೂರಿನಲ್ಲಿ ಹಾಗೆ ಹೇಳಬಾರದಿತ್ತು ಎಂದೂ ಅಮ್ಮ ಹೇಳಿದರು, ಹೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಿದರು, ಎರಡನ್ನೂ ಒಂದೇ ಉಸಿರಿನಲ್ಲಿ. ನಾನು ಮಾತು ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಅಲ್ಲೇ ಕೂತು ತುಂಬ ಹೊತ್ತು ಅಳುತ್ತಿದ್ದೆ.

ಎರಡು ವಾರಕ್ಕೆ ಹೋದರು. ಎಲ್ಲ ಹಿಂದಿನಂತೆಯೇ ನಡೆಯಿತು, ಸ್ನಾನ, ಮಂತ್ರ, ಅಕ್ಕಿಕಾಳು. ವ್ಯಾನಿಗೆ ಎತ್ತಿ ಇಟ್ಟಾಗ ನಾನು ಚಪ್ಪಲಿಯಿಲ್ಲದೆ ಹೊಸಿಲು ದಾಟಿ ಮೆಟ್ಟಿಲಿಳಿದೆ. ಆಚಾರ್ರು, ಅಮ್ಮಾ ನೀವು ಇಲ್ಲೇ ಎಂದರು. ಅಮ್ಮ ಬರಲು ಹೇಳಿದ್ದಾರೆ ಎಂದೆ. ನೆಂಟರ ಹೆಂಗಸೊಬ್ಬರು ಹಿಂದಿನಿಂದ ನನ್ನ ಸೆರಗು ಹಿಡಿದರು. ಮೈದುನ ಆಚಾರ್ರ ಕಡೆ ನೋಡಿ, ಬರಲಿ ಬಿಡಿ ಎಂದರು. ವ್ಯಾನಿನಲ್ಲಿ ಅಮ್ಮನ ಪಾದದ ಹತ್ತಿರ ಕೂತೆ. ಬೀದಿಯ ಕೊನೆಯಲ್ಲಿ ವ್ಯಾನು ಬಲಕ್ಕೆ ತಿರುಗಿತು. ಇವರನ್ನು ಕರೆದೊಯ್ದ ದಿನ ಎಡಕ್ಕೆ ತಿರುಗಿತ್ತು ಎಂದು ಮೈದುನ ಮೆಲ್ಲಗೆ ಹೇಳಿದರು. ಅಷ್ಟು ದಿನವಾದರೂ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ.

ಅಲ್ಲಿ ಸೀಮೆಂಟಿನ ಕಟ್ಟಡ, ಎತ್ತರದ ಹೊಗೆ ಕೊಳವೆ, ಕಾಯುತ್ತಾ ಕೂತ ಬೇರೆ ಮನೆಯವರು. ಅಲ್ಲಿನ ಆಳು ನನ್ನನ್ನು ನೋಡಿ ಏನೂ ಅನ್ನಲಿಲ್ಲ, ಈಗ ಎಷ್ಟೋ ಹೆಂಗಸರು ಬರುತ್ತಾರಂತೆ. ಹತ್ತಿರ ಬರಬೇಡಿ, ಶಾಖ ಹೊಡೆಯುತ್ತದೆ ಎಂದು ತಮಿಳಿನಲ್ಲಿ ಹೇಳಿದ. ಸ್ವಲ್ಪ ದೂರ ನಿಂತೆ. ಬಾಗಿಲು ತೆರೆದರು. ಅಮ್ಮ ಒಳಗೆ ಹೋದರು. ಬೆಂಕಿ ಮೊದಲು ಸೀರೆಯ ಅಂಚನ್ನು ಹಿಡಿಯಿತು, ಆಮೇಲೆ ಎಲ್ಲ ಕಡೆಯಿಂದಲೂ. ಮೈದುನ ಮುಖ ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ. ಬಾಗಿಲು ಮುಚ್ಚುವ ತನಕ ನೋಡಿದೆ.

ಮನೆಗೆ ಬಂದು ಸ್ನಾನ ಮಾಡಿದೆ. ನೆಂಟರು ಹಜಾರದಲ್ಲಿ ಕೂತು ಏನೋ ಮಾತಾಡುತ್ತಿದ್ದರು, ಹೆಂಗಸರು ನನ್ನಿಂದ ಸ್ವಲ್ಪ ದೂರ ಸರಿದು ಕೂತರು. ನಾನು ಒದ್ದೆ ತಲೆಯಲ್ಲೇ ಅಮ್ಮನ ಕೋಣೆಗೆ ಹೋದೆ. ಮಂಚವನ್ನು ಆಗಲೇ ಗೋಡೆಗೆ ನಿಲ್ಲಿಸಿದ್ದರು. ಕಣ್ಣಾರೆ ನೋಡಿದೆ ಅಮ್ಮ, ಸರಿಯಾಗಿ ಆಯಿತು ಎಂದು ಹೇಳಬೇಕಾಗಿತ್ತು ನನಗೆ, ನಾನು ಅಷ್ಟು ದೂರ ಹೋಗಿ ಬಂದದ್ದು ಆ ಒಂದು ಮಾತು ಹೇಳುವುದಕ್ಕೇ. ಕೇಳಬೇಕಾದವರು ಅವರೊಬ್ಬರೇ.